ಅಳಿಸಿದರೆ ಸಾಲದು, ತಿದ್ದಿ ಹೇಳಬೇಕು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ, ಅರೇಹಳ್ಳಿ, ಬಿಕ್ಕೋಡು ಸುತ್ತಮುತ್ತಲಿನವರು ಬೆಳಿಗ್ಗೆ ತೋಟಕ್ಕೆ ಹೊರಡುವ ಮುಂಚೆ ಮೊಬೈಲ್ ತೆಗೆದು ನೋಡುವುದು ಹೊತ್ತು ಕಳೆಯಲಿಕ್ಕಲ್ಲ. ರಾತ್ರಿ ಕಾಡಾನೆ ಹಿಂಡು ಯಾರ ತೋಟದಲ್ಲಿ ಉಳಿದಿದೆ, ಒಂಟಿ ಸಲಗ ಯಾವ ರಸ್ತೆ ದಾಟಿದೆ, ಮಕ್ಕಳನ್ನು ಯಾವ ದಾರಿಯಲ್ಲಿ ಶಾಲೆಗೆ ಕಳಿಸಬೇಕು ಎಂಬುದೆಲ್ಲ ಆ ಹೊತ್ತಿನ ಸಂದೇಶಗಳಿಂದ ತೀರ್ಮಾನವಾಗುತ್ತದೆ. ಹಾಸನ ಜಿಲ್ಲೆಯ ಆನೆ ಹಾವಳಿಯ ತಾಲ್ಲೂಕುಗಳಲ್ಲಿ ಅರಣ್ಯ ಇಲಾಖೆ ಕೆಲವು ಹಿಂಡುಗಳ ಹೆಣ್ಣಾನೆಗಳಿಗೆ ರೇಡಿಯೊ ಕಾಲರ್ ತೊಡಿಸಿದೆ. ಆನೆ ಕಾರ್ಯಪಡೆಯ ಸಿಬ್ಬಂದಿ ಹೆಜ್ಜೆ, ಲದ್ದಿ ನೋಡಿಕೊಂಡು ಹಿಂಡಿನ ಬೆನ್ನು ಹತ್ತುತ್ತಾರೆ. ಅವರು ಕಂಡದ್ದು ಎಸ್‌ಎಂಎಸ್, ವಾಟ್ಸ್‌ಆ್ಯಪ್ ಗ್ರೂಪ್, ರಸ್ತೆ ಬದಿಯ ಎಲ್‌ಇಡಿ ಫಲಕಗಳ ಮೂಲಕ ಊರಿಗೆ ಮುಟ್ಟುತ್ತದೆ. 2025ರ ಆರಂಭದಲ್ಲಿ ಈ ತಾಲ್ಲೂಕಿನಲ್ಲಿ ಆನೆ ದಾಳಿಗೆ ಜೀವ ಕಳೆದುಕೊಂಡವರಲ್ಲಿ ತೋಟದ ಕೂಲಿ ಹೆಣ್ಣುಮಕ್ಕಳೂ ಇದ್ದರು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಮೊಬೈಲ್ ಎಚ್ಚರಿಕೆ ವ್ಯವಸ್ಥೆ ಕಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಗೆ ತಿಳಿದುಬಂದದ್ದು ಇದು: ಸತ್ತವರಲ್ಲಿ ಹೆಚ್ಚಿನವರು ಆನೆ ಹತ್ತಿರದಲ್ಲಿದೆ ಎಂಬುದೇ ಗೊತ್ತಿಲ್ಲದೆ ಎದುರಿಗೆ ಸಿಕ್ಕಿದವರು.

ಇಂಥ ಗ್ರೂಪಿನಲ್ಲಿ ಒಂದು ಬೆಳಿಗ್ಗೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಕಂಡಿತೆನ್ನಿ. ಅಲ್ಲಿ ಏನಿತ್ತು? ಆನೆ ಇದೆ ಎಂದಿತ್ತೋ, ಇಲ್ಲ ಎಂದಿತ್ತೋ? ಸುದ್ದಿ ಸುಳ್ಳೆಂದು ತೆಗೆದರೋ, ಬೇರೆ ಗ್ರೂಪಿಗೆ ಹಾಕಬೇಕಾದ್ದನ್ನು ಇಲ್ಲಿ ಹಾಕಿ ತೆಗೆದರೋ? ಆರು ಗಂಟೆಗೆ ಓದಿದ ಮೇಸ್ತ್ರಿ ಅದನ್ನು ನಂಬಿ ಆಳುಗಳನ್ನು ಕರೆದುಕೊಂಡು ಹೊರಟಾಗಿದೆ. ಏಳಕ್ಕೆ ಮೊಬೈಲ್ ನೋಡಿದ ಹೆಂಗಸಿಗೆ ಸಿಕ್ಕಿದ್ದು ಏನೂ ಹೇಳದ ಆ ಒಂದು ಸಾಲು. ಕಳಿಸಿದವರಿಗೆ ತಪ್ಪು ಸರಿಹೋಯಿತೆಂಬ ಸಮಾಧಾನ. ಓದಿಕೊಂಡು ಹೋದವರ ತಲೆಯಲ್ಲಿ ಅದು ಹಾಗೇ ಉಳಿದಿದೆ.

ಕಳಿಸಿದ ಸಂದೇಶವನ್ನು ಅಳಿಸುವ ಸೌಲಭ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಏನನ್ನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದು ದಿನವೂ ಅದನ್ನು ಬಳಸುವ ನಮಗೆಲ್ಲ ಗೊತ್ತಿರಬೇಕು. ಅಳಿಸುವುದರಿಂದ ಅಕ್ಷರ ಮರೆಯಾಗುತ್ತದೆ. ಓದಿದವರ ಮನಸ್ಸಿನಿಂದ ತಪ್ಪನ್ನು ತೆಗೆಯಬೇಕಾದರೆ ತಿದ್ದಿ ಹೇಳಲೇಬೇಕು.

ಅಳಿಸು ಎಂಬುದೂ ಒಂದು ಸಂದೇಶ

ವಾಟ್ಸ್‌ಆ್ಯಪ್‌ನಲ್ಲಿ ನಾವು ಬರೆದದ್ದು ಎಲ್ಲಿರುತ್ತದೆ ಎಂಬುದನ್ನು ಮೊದಲು ತಿಳಿಯೋಣ. 2016ರ ಏಪ್ರಿಲ್‌ನಿಂದ ಅದರ ಸಂದೇಶಗಳೆಲ್ಲ ಕಳಿಸುವವರ ಫೋನಿನಲ್ಲೇ ಗೂಢಲಿಪಿಯಾಗಿ ಬದಲಾಗಿ, ತಲುಪಿದವರ ಫೋನಿನಲ್ಲೇ ಬಿಡಿಸಿಕೊಳ್ಳುತ್ತವೆ. ನಡುವಿನ ಸರ್ವರ್ ಅದನ್ನು ಓದಲಾರದು. ತಲುಪಿಸಿದ ಮೇಲೆ ಸರ್ವರ್ ಪ್ರತಿಯನ್ನು ಇಟ್ಟುಕೊಳ್ಳುವುದಿಲ್ಲ; ತಲುಪದೆ ಉಳಿದದ್ದನ್ನು 30 ದಿನಗಳವರೆಗೆ ಕಾಯ್ದಿಟ್ಟು ಆಮೇಲೆ ತೆಗೆದುಹಾಕುತ್ತದೆ. ಅಂದರೆ ಸಂದೇಶದ ಅಸಲು ಪ್ರತಿಗಳು ಇರುವುದು ಜನರ ಫೋನುಗಳಲ್ಲಿ. ಈಗ ಒಂದು ಗ್ರೂಪಿನಲ್ಲಿ 1,024 ಜನರವರೆಗೂ ಇರಬಹುದು. ತುಂಬಿದ ಗ್ರೂಪಿಗೆ ಒಂದು ಸಾಲು ಹಾಕಿದರೆ ಸಾವಿರ ಫೋನುಗಳಲ್ಲಿ ಸಾವಿರ ಪ್ರತಿ.

ಹಾಗಾದರೆ ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿದಾಗ ನಡೆಯುವುದೇನು? ಪ್ರತಿ ಸಂದೇಶಕ್ಕೂ ತನ್ನದೇ ಆದ ಗುರುತಿನ ಸಂಖ್ಯೆ ಇರುತ್ತದೆ. ನೀವು ಅಳಿಸಲು ಹೇಳಿದ ಕೂಡಲೇ ನಿಮ್ಮ ಫೋನು ಇನ್ನೊಂದು ಸಂದೇಶವನ್ನು ರವಾನಿಸುತ್ತದೆ: ಈ ಸಂಖ್ಯೆಯದನ್ನು ತೆಗೆದುಬಿಡಿ ಎಂದು. ಅದು ತಲುಪಿದ ಪ್ರತಿ ಫೋನಿನ ಆ್ಯಪ್ ಆ ಮಾತನ್ನು ಪಾಲಿಸಿ, ಅಸಲಿನ ಜಾಗದಲ್ಲಿ ಅಳಿಸಿದ ಗುರುತನ್ನು ಇಡುತ್ತದೆ. ಅಂಚೆಯಲ್ಲಿ ಒಂದು ಕಾಗದ ಹೋಗಿ ಮುಟ್ಟಿದ ಮೇಲೆ, ಅದನ್ನು ಹರಿದುಹಾಕಿ ಎಂದು ಎರಡನೇ ಕಾಗದ ಬರೆದ ಹಾಗೆ ಇದು. ಎರಡನೆಯದು ತಲುಪುವಷ್ಟರಲ್ಲಿ ಮೊದಲನೆಯದನ್ನು ಎಷ್ಟು ಜನ ಓದಿದರು ಎಂಬುದು ಬರೆದವರ ಕೈಯಲ್ಲಿಲ್ಲ.

ಎರಡನೆಯದು ತಲುಪದೆಯೂ ಹೋಗಬಹುದು. ತೋಟದ ಇಳಿಜಾರಿನಲ್ಲಿ, ಕೂಲಿಯವರ ಲೈನ್ ಮನೆಗಳ ಹತ್ತಿರ ಟವರ್ ಸಿಗದ ಜಾಗ ಮಲೆನಾಡಿನಲ್ಲಿ ಎಷ್ಟು ಬೇಕಾದರೂ ಇದೆ. ಬೆಳಿಗ್ಗೆ ರಸ್ತೆ ಬದಿಯಲ್ಲಿ ಸಂದೇಶ ಓದಿ ತೋಟದೊಳಗೆ ಇಳಿದವರ ಫೋನಿಗೆ, ಅವರು ಸಂಜೆ ಮೇಲೆ ಹತ್ತಿ ಬರುವ ತನಕ ಅಳಿಸುವ ಆದೇಶ ಮುಟ್ಟುವುದಿಲ್ಲ. ಆ್ಯಪ್‌ನ ಹಳೆಯ ಆವೃತ್ತಿ ಇದ್ದರೂ ಅಳಿಸುವಿಕೆ ವಿಫಲವಾಗಬಹುದು. ಹೀಗೆ ವಿಫಲವಾದರೆ ಕಳಿಸಿದವರಿಗೆ ಯಾವ ಸೂಚನೆಯೂ ಬರುವುದಿಲ್ಲ ಎಂದು ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಸ್ಪಷ್ಟವಾಗಿ ಹೇಳಿದೆ. ಐಫೋನ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಆಲ್ಬಮ್ಮಿಗೆ ಸೇರುವಂತೆ ಇಟ್ಟುಕೊಂಡಿದ್ದರೆ, ಚಾಟ್‌ನಿಂದ ಅಳಿಸಿದ ಮೇಲೂ ಅವು ಅಲ್ಲಿ ಉಳಿಯುತ್ತವೆ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಈಚೆಗೆ ನೋಟಿಫಿಕೇಶನ್ ಹಿಸ್ಟರಿ ಎಂಬ ಸೌಲಭ್ಯವಿದೆ. ಅದನ್ನು ಆನ್ ಮಾಡಿಕೊಂಡವರು ಪರದೆಯ ಮೇಲೆ ಬಂದುಹೋದ ಸಾಲುಗಳನ್ನು ಮತ್ತೆ ನೋಡಬಲ್ಲರು. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದು ಅವರ ಫೋನಿನ ಒಂದು ಚಿತ್ರ. ನಿಮ್ಮ ಆದೇಶ ಅದನ್ನು ಮುಟ್ಟಲಾರದು.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಫಾರ್ವರ್ಡ್‌ನದು. ನೀವು ಹಾಕಿದ್ದನ್ನು ಇನ್ನೊಬ್ಬರು ಮುಂದೆ ಕಳಿಸಿದಾಗ ಅದು ಅವರ ಹೆಸರಿನ ಹೊಸ ಸಂದೇಶವಾಗುತ್ತದೆ, ಹೊಸ ಗುರುತಿನ ಸಂಖ್ಯೆ ಪಡೆಯುತ್ತದೆ. ನಿಮ್ಮದನ್ನು ನೀವು ಅಳಿಸಿದರೂ ಅದು ಅಳಿಯುವುದಿಲ್ಲ. ಗೆಂಡೆಹಳ್ಳಿಯ ಗ್ರೂಪಿನಲ್ಲಿ ಅಳಿಸಿದ ಸುದ್ದಿ ಮೂಡಿಗೆರೆಯ ಗ್ರೂಪಿನಲ್ಲಿ ಓಡಾಡುತ್ತಲೇ ಇರುತ್ತದೆ.

ಗಾಬರಿಯಲ್ಲಿ ಆಗುವ ಇನ್ನೊಂದು ಎಡವಟ್ಟನ್ನೂ ಹೇಳಬೇಕು. ಅಳಿಸಲು ಹೋದಾಗ ಎರಡು ಆಯ್ಕೆ ಬರುತ್ತವೆ. ‘ಡಿಲೀಟ್ ಫಾರ್ ಮಿ’ ಒತ್ತಿದರೆ ಸಂದೇಶ ಮಾಯವಾಗುವುದು ನಿಮ್ಮ ಫೋನಿನಿಂದ ಮಾತ್ರ. ಉಳಿದವರಿಗೆಲ್ಲ ಅದು ಕಾಣುತ್ತಲೇ ಇರುತ್ತದೆ, ಮತ್ತೆ ಹಿಡಿದು ಎಲ್ಲರಿಂದ ಅಳಿಸಲು ನಿಮ್ಮ ಕೈಗೆ ಅದು ಸಿಗುವುದಿಲ್ಲ. 2022ರ ಡಿಸೆಂಬರ್‌ನಿಂದ ಹಾಗೆ ಒತ್ತಿದ ಕೆಲವೇ ಕ್ಷಣಗಳೊಳಗೆ ಅದನ್ನು ರದ್ದುಮಾಡುವ ‘ಅನ್‌ಡು’ ಗುಂಡಿ ಕೆಳಗೆ ಬರುತ್ತದೆ. ಅದನ್ನು ಗಮನಿಸಿ ಒತ್ತಿದರೆ ಎರಡನೇ ಅವಕಾಶ ಸಿಗುತ್ತದೆ.

ಏಳು ನಿಮಿಷದಿಂದ ಎರಡೂವರೆ ದಿನಕ್ಕೆ

ಈ ಸೌಲಭ್ಯ ವಾಟ್ಸ್‌ಆ್ಯಪ್‌ಗೆ ಬಂದದ್ದು 2017ರ ಅಕ್ಟೋಬರ್ ಕೊನೆಯಲ್ಲಿ. ಆಗ ಕಳಿಸಿದ 7 ನಿಮಿಷದೊಳಗೆ ಅಳಿಸಬೇಕಿತ್ತು. 2018ರ ಮಾರ್ಚ್ ಹೊತ್ತಿಗೆ ಅದು ಒಂದು ಗಂಟೆ ಎಂಟು ನಿಮಿಷ ಚಿಲ್ಲರೆಗೆ ಏರಿತು. 2022ರ ಆಗಸ್ಟ್‌ನಲ್ಲಿ ಎರಡು ದಿನ ಹನ್ನೆರಡು ಗಂಟೆಯಾಯಿತು. ಅದೇ ಸುಮಾರಿಗೆ ಗ್ರೂಪ್ ಅಡ್ಮಿನ್‌ಗಳಿಗೆ ಬೇರೆ ಸದಸ್ಯರ ಸಂದೇಶವನ್ನೂ ಅಳಿಸುವ ಅಧಿಕಾರ ಸಿಕ್ಕಿತು. ಅಡ್ಮಿನ್ ಅಳಿಸಿದರೆ ಅಡ್ಮಿನ್ ಅಳಿಸಿದ್ದಾರೆ ಎಂದೇ ಗುರುತು ಉಳಿಯುತ್ತದೆ. 2023ರ ಮೇ ತಿಂಗಳಲ್ಲಿ ತಿದ್ದುವ ಸೌಲಭ್ಯವೂ ಬಂತು. ಕಳಿಸಿದ 15 ನಿಮಿಷದೊಳಗೆ ಬರೆದದ್ದನ್ನು ಬದಲಿಸಬಹುದು. ತಿದ್ದಲಾಗಿದೆ ಎಂಬ ಗುರುತು ಪಕ್ಕದಲ್ಲೇ ನಿಲ್ಲುತ್ತದೆ.

ಟೆಲಿಗ್ರಾಮ್ ಬೇರೆ ದಾರಿ ಹಿಡಿಯಿತು. ಇಬ್ಬರ ನಡುವಿನ ಚಾಟ್‌ನಲ್ಲಿ ಯಾವ ಸಂದೇಶವನ್ನಾದರೂ, ಯಾವಾಗ ಬೇಕಾದರೂ, ಎರಡೂ ಕಡೆಯಿಂದ ಅಳಿಸಬಹುದೆಂದು 2019ರ ಮಾರ್ಚ್‌ನಲ್ಲಿ ಘೋಷಿಸಿತು. ಅಲ್ಲಿ ಅಳಿಸಿದ ಗುರುತೂ ಉಳಿಯುವುದಿಲ್ಲ. ಖಾಸಗಿತನದ ದೃಷ್ಟಿಯಿಂದ ಇದನ್ನು ಮೆಚ್ಚುವವರಿದ್ದಾರೆ. ಆದರೆ ಹತ್ತು ಮನೆಯವರು ನಂಬಿಕೊಂಡಿರುವ ಗ್ರೂಪಿನ ಮಟ್ಟಿಗೆ ನನಗೆ ವಾಟ್ಸ್‌ಆ್ಯಪ್‌ನ ರೀತಿಯೇ ಸರಿಯೆನಿಸುತ್ತದೆ. ಇಲ್ಲೇನೋ ಇತ್ತು, ಈಗಿಲ್ಲ ಎಂಬುದು ಎಲ್ಲರಿಗೂ ತಿಳಿದರೆ ಕೇಳುವುದಕ್ಕಾದರೂ ಅವಕಾಶವಿರುತ್ತದೆ. ಸುಳಿವೇ ಇಲ್ಲದೆ ಮಾಯವಾದರೆ ಆ ಪ್ರಶ್ನೆಯೂ ಹುಟ್ಟುವುದಿಲ್ಲ.

ಅವಧಿ ಏಳು ನಿಮಿಷವಿದ್ದಾಗ ಅದು ಕೈತಪ್ಪಿ ಹೋದದ್ದನ್ನು ಹಿಡಿಯುವ ಸೌಲಭ್ಯವಾಗಿತ್ತು. ಎರಡೂವರೆ ದಿನವಾದ ಮೇಲೆ ಅದರ ಸ್ವಭಾವವೇ ಬದಲಾಗಿದೆ. ಎಲ್ಲರೂ ಓದಿ, ನಂಬಿ, ಅದರಂತೆ ನಡೆದು ಮುಗಿದ ಮೇಲೆ ದಾಖಲೆಯನ್ನು ತೆಗೆಯುವುದಕ್ಕೂ ಈಗ ಸಮಯವಿದೆ. ಆದ್ದರಿಂದಲೇ ಅಳಿಸುವವರ ಹೊಣೆಯೂ ಮೊದಲಿಗಿಂತ ಹೆಚ್ಚಿದೆ.

ಹಿಂದೆ ಬಾರದ ಮಾತುಗಳು

ಹೋದ ಮಾತು ಹಿಂದೆ ಬರುವುದಿಲ್ಲ ಎಂಬುದನ್ನು ಕರ್ನಾಟಕ ಎರಡು ಸಲ ಬಹಳ ನೋವಿನಿಂದ ಕಲಿತಿದೆ.

2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಕೋಕ್ರಾಝಾರ್ ಕಡೆಯ ಹಿಂಸಾಚಾರದ ಬೆನ್ನಿಗೆ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಸುಳ್ಳು ಎಸ್‌ಎಂಎಸ್‌ಗಳಲ್ಲಿ ಹರಡಿತು. ಕೆಲಸ, ಓದು ಬಿಟ್ಟು ಸಾವಿರಾರು ಯುವಕ ಯುವತಿಯರು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗ ಗೃಹ ಖಾತೆ ಹೊಂದಿದ್ದ ಆರ್. ಅಶೋಕ ರೈಲು ನಿಲ್ದಾಣಕ್ಕೇ ಹೋಗಿ, ಹೆದರಬೇಡಿ, ಉಳಿಯಿರಿ ಎಂದು ಕೇಳಿಕೊಂಡರು. ಕೇಂದ್ರ ಸರ್ಕಾರ ಆಗಸ್ಟ್ 17ರಂದು ಒಟ್ಟಿಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್‌ಎಂಎಸ್ ಕಳಿಸುವುದನ್ನು 15 ದಿನ ನಿಷೇಧಿಸಿತು. ಎಸ್‌ಎಂಎಸ್‌ನಲ್ಲಿ ಅಳಿಸುವ ದಾರಿಯೇ ಇಲ್ಲ. ಇದ್ದಿದ್ದರೂ ಹೆಚ್ಚಿನ ಪ್ರಯೋಜನವಾಗುತ್ತಿರಲಿಲ್ಲ. ಓದಿದವರ ಎದೆಯಲ್ಲಿ ಭಯ ಆಗಲೇ ಕೂತಿತ್ತು. ಅದನ್ನು ಇಳಿಸಲು ಎದುರಿಗೆ ನಿಂತು ಧೈರ್ಯ ಹೇಳುವ ಮನುಷ್ಯರೇ ಬೇಕಾಯಿತು.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಇನ್ನೂ ಘೋರ. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ಹತ್ತಿರದ ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರೆಂಬ ಅನುಮಾನದ ಮಾತು ವಿಡಿಯೊ ಸಮೇತ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿದ ಜನ ಅವರನ್ನು ಹೊಡೆದರು; ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು, ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅಳಿಸುವ ಸೌಲಭ್ಯ ಆ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಇತ್ತು. ಆದರೆ ಫಾರ್ವರ್ಡ್ ಆದ ಪ್ರತಿಯೊಂದೂ ಬೇರೆ ಬೇರೆ ಸಂದೇಶ. ಮೊದಲು ಹಾಕಿದವರು ತಮ್ಮದನ್ನು ತೆಗೆದರೂ ಉಳಿದವು ಓಡುತ್ತಲೇ ಇರುತ್ತಿದ್ದವು. ದೇಶದ ಹಲವೆಡೆ ಇಂಥ ಹತ್ಯೆಗಳಾದ ಮೇಲೆ ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಿತಿಗೊಳಿಸಿತು. 2019ರಲ್ಲಿ ಆ ಮಿತಿ ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಹರಿದದ್ದನ್ನು ಹಿಂದಕ್ಕೆ ಪಡೆಯಲಾಗದು, ಹರಿಯುವ ವೇಗವನ್ನಷ್ಟೇ ತಗ್ಗಿಸಬಹುದು ಎಂಬುದನ್ನು ಕಂಪನಿ ಈ ನಿಯಮಗಳಿಂದ ಒಪ್ಪಿಕೊಂಡಂತಾಯಿತು.

ಯಾವುದನ್ನು ಅಳಿಸಬೇಕು, ಯಾವುದನ್ನು ತಿದ್ದಬೇಕು

ಹಾಗಾದರೆ ನಾವು ಮಾಡಬೇಕಾದ್ದೇನು? ತಪ್ಪಾಗಿ ಕಳಿಸಿದ್ದೆಲ್ಲ ಒಂದೇ ಬಗೆಯದಲ್ಲ. ಜನರ ದಾರಿ ತಪ್ಪಿಸುವಂಥದು ಒಂದು, ಒಬ್ಬರ ಮಾನಕ್ಕೋ ಹಣಕ್ಕೋ ಕುತ್ತು ತರುವಂಥದು ಇನ್ನೊಂದು, ನಾಳೆ ಸಾಕ್ಷಿಯಾಗಬಹುದಾದದ್ದು ಮತ್ತೊಂದು. ಮೂರಕ್ಕೂ ಮದ್ದು ಬೇರೆ.

ದಾರಿ ತಪ್ಪಿಸುವ ಸುದ್ದಿಗೆ ಮದ್ದು ತಿದ್ದುಪಡಿ. ಹಿಂಡು ಅರೇಹಳ್ಳಿ ಕಡೆ ಹೋಯಿತೆಂದು ಹಾಕಿದ ಮೇಲೆ ಅದು ಬಿಕ್ಕೋಡಿನ ಕಡೆಯೇ ಇದೆಯೆಂದು ಗೊತ್ತಾದರೆ, ಹಳೆಯದನ್ನು ಸದ್ದಿಲ್ಲದೆ ತೆಗೆಯಬೇಡಿ. ಎಡಿಟ್ ಮಾಡಿ ಸುಮ್ಮನಾಗಲೂಬೇಡಿ. ಓದಿ ಮುಗಿಸಿದವರು ಹಳೆಯ ಸಂದೇಶಕ್ಕೆ ಮರಳಿ ಹೋಗಿ ನೋಡುವುದಿಲ್ಲ. ತಪ್ಪಾದ ಸಂದೇಶಕ್ಕೇ ರಿಪ್ಲೈ ಮಾಡಿ ಹೊಸದಾಗಿ ಬರೆಯಿರಿ: ಮೇಲಿನದು ತಪ್ಪು, ಹಿಂಡು ಈಗ ಇಂಥ ತೋಟದ ಹತ್ತಿರ ಇದೆ, ಇಷ್ಟು ಗಂಟೆಗೆ ನೋಡಿದ್ದು, ನೋಡಿದವರು ಇಂಥವರು. ಜಾಗ, ಸಮಯ, ಕಂಡವರು, ಈ ಮೂರೂ ಇದ್ದರೆ ಓದಿದವರಿಗೆ ನಂಬುವುದಕ್ಕೆ ಆಧಾರ ಸಿಗುತ್ತದೆ. ಎಲ್ಲರೂ ತಿದ್ದುಪಡಿ ನೋಡಿದ ಮೇಲೆ ಹಳೆಯದನ್ನು ತೆಗೆದರೆ ತೊಂದರೆಯಿಲ್ಲ.

ಬರಹವಷ್ಟೇ ಸಾಲದು. ಈ ಭಾಗದ ತೋಟಗಳಲ್ಲಿ ಅಸ್ಸಾಮಿನಿಂದ ಬಂದು ಲೈನ್ ಮನೆಗಳಲ್ಲಿ ಉಳಿದ ಕೂಲಿಯವರಿದ್ದಾರೆ. ಅವರಿಗೆ ಕನ್ನಡ ಅಕ್ಷರ ಬಾರದು. ನಮ್ಮ ಊರಿನ ಹಿರಿಯ ಹೆಂಗಸರಲ್ಲೂ ಓದಲು ಬಾರದವರಿದ್ದಾರೆ. ಅವರ ಪಾಲಿಗೆ ಸುದ್ದಿಯೆಂದರೆ ವಾಯ್ಸ್ ಮೆಸೇಜ್. ಅದನ್ನು ಅಳಿಸಿದಾಗ ಉಳಿಯುವ ಸಾಲನ್ನು ಅವರು ಓದಲಾರರು. ಬೆಳಿಗ್ಗೆ ಕೇಳಿಸಿಕೊಂಡದ್ದೇ ಅವರಿಗೆ ಕೊನೆಯ ಮಾತು. ಆದ್ದರಿಂದ ತಿದ್ದುಪಡಿಯೂ ಧ್ವನಿಯಲ್ಲೇ, ಅವರಿಗೆ ತಿಳಿಯುವ ಭಾಷೆಯಲ್ಲೇ ಹೋಗಬೇಕು. ಟವರ್ ಇಲ್ಲದ ತೋಟಕ್ಕೆ ಇಳಿದವರಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್‌ಗೋ ಮೇಸ್ತ್ರಿಗೋ ಫೋನ್ ಮಾಡಿ, ಅದೂ ಆಗದಿದ್ದರೆ ಒಬ್ಬರನ್ನು ಕಳಿಸಿ ಹೇಳಿಸಬೇಕು. ಒಬ್ಬರಿಗೇ ಕಳಿಸಿದ ಸಂದೇಶದ ಪಕ್ಕ ಒಂದೇ ಟಿಕ್ ಇದೆಯೆಂದರೆ ಅದು ಅವರ ಫೋನಿಗೆ ಮುಟ್ಟಿಲ್ಲ ಎಂದರ್ಥ; ಗ್ರೂಪಿನಲ್ಲಿ ಸಂದೇಶವನ್ನು ಒತ್ತಿ ಹಿಡಿದು ‘ಇನ್ಫೊ’ ನೋಡಿದರೆ ಯಾರಿಗೆ ಮುಟ್ಟಿದೆ, ಯಾರು ಓದಿದ್ದಾರೆ ಎಂಬುದು ತಿಳಿಯುತ್ತದೆ. ಎಚ್ಚರಿಕೆಯ ಗ್ರೂಪ್ ನಡೆಸುವವರಿಗೆ ಇದು ಬಹಳ ಉಪಯೋಗದ ಪಟ್ಟಿ.

ಎರಡನೆಯ ಬಗೆಯದಕ್ಕೆ ಅಳಿಸುವುದೇ ಸರಿ, ಅದೂ ತಡಮಾಡದೆ. ಆನೆ ತುಳಿದು ಸತ್ತವರ ದೇಹದ ಫೋಟೊ ಗ್ರೂಪಿಗೆ ಬಿದ್ದರೆ ಅದನ್ನು ಒಂದು ಕ್ಷಣವೂ ಉಳಿಸಬಾರದು. ಮನೆಯವರಿಗೆ ಸಾವಿನ ಸುದ್ದಿ ಮುಟ್ಟುವ ಮೊದಲೇ ಆ ಚಿತ್ರ ಕಣ್ಣಿಗೆ ಬಿದ್ದರೆ ಆ ಗಾಯಕ್ಕೆ ಯಾವ ಪರಿಹಾರವೂ ಇಲ್ಲ. ಹಾಕಿದವರು ತೆಗೆಯದಿದ್ದರೆ ಅಡ್ಮಿನ್ ತೆಗೆಯಬೇಕು. ಯಾಕೆ ತೆಗೆದೆ ಎಂದು ಒಂದು ಸಾಲು ಬರೆದು, ಮುಂದೆ ಕಳಿಸಿದವರೂ ತಮ್ಮದನ್ನು ಅಳಿಸಬೇಕೆಂದು ಕೇಳಬೇಕು. ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ ತಪ್ಪಿ ಗ್ರೂಪಿಗೆ ಹೋದರೂ ಕೂಡಲೇ ಅಳಿಸಿ. ಆದರೆ ಅಲ್ಲಿಗೆ ಮುಗಿಯಿತೆಂದು ಕೂರಬೇಡಿ. ಯಾರೋ ನೋಡಿದ್ದಾರೆ ಎಂದೇ ಭಾವಿಸಿ ಬ್ಯಾಂಕಿಗೆ ತಿಳಿಸಿ, ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿ. ಹಣ ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ತಡವಿಲ್ಲದೆ ಕರೆ ಮಾಡಿ.

ಮೂರನೆಯದನ್ನು ಅಳಿಸಲೇಬಾರದು. ಬೆದರಿಕೆ, ಹಣದ ವಂಚನೆ, ಹೆಣ್ಣುಮಕ್ಕಳಿಗೆ ಕಿರುಕುಳ, ಇಂಥವುಗಳ ಸಂದೇಶ ಬಂದಾಗ ಅಸಹ್ಯದಿಂದಲೋ ಭಯದಿಂದಲೋ ತಮ್ಮ ಫೋನಿನಿಂದ ತೆಗೆದುಬಿಡುವವರು ಬಹಳ. ಹಾಗೆ ಮಾಡಿದರೆ ನಿಮ್ಮ ಕೈಯಲ್ಲಿದ್ದ ಸಾಕ್ಷಿಯನ್ನು ನೀವೇ ಕಳೆದುಕೊಂಡಂತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಮೊಬೈಲಿನ ದಾಖಲೆಗಳು ನಿಗದಿತ ಪ್ರಮಾಣಪತ್ರದೊಂದಿಗೆ ನ್ಯಾಯಾಲಯದಲ್ಲಿ ಸಲ್ಲುತ್ತವೆ. ಅದೇ ದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ, ಸಾಕ್ಷಿಯಾಗಿ ಹಾಜರಾಗಬಾರದೆಂಬ ಉದ್ದೇಶದಿಂದ ಎಲೆಕ್ಟ್ರಾನಿಕ್ ದಾಖಲೆಯನ್ನು ನಾಶಪಡಿಸುವುದನ್ನು ಅಪರಾಧವೆನ್ನುತ್ತದೆ. ಮೂರು ವರ್ಷದವರೆಗೂ ಶಿಕ್ಷೆಯಾಗಬಹುದು. ಕೂಲಿ ಲೆಕ್ಕ, ಮುಂಗಡ ಹಣದ ಮಾತು ವಾಟ್ಸ್‌ಆ್ಯಪ್‌ನಲ್ಲೇ ನಡೆದಿದ್ದರೆ ಕೂಲಿಯವರು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ. ಆನೆ ಬಂದು ಕಾಫಿ, ಬಾಳೆ, ಭತ್ತ ಹಾಳಾದಾಗ ತೆಗೆದ ಫೋಟೊಗಳೂ ಪರಿಹಾರದ ಅರ್ಜಿ ಇತ್ಯರ್ಥವಾಗುವ ತನಕ ಉಳಿಯಬೇಕು. ಇಂಥ ಗ್ರೂಪುಗಳಲ್ಲಿ 24 ಗಂಟೆಗೋ 7 ದಿನಕ್ಕೋ ತಾನಾಗಿ ಮಾಯವಾಗುವ ಸಂದೇಶದ ವ್ಯವಸ್ಥೆಯನ್ನು ಆನ್ ಮಾಡಬೇಡಿ.

ಅಡ್ಮಿನ್‌ಗಳಿಗೆ ಒಂದು ಭಯವಿದೆ: ಯಾರೋ ಹಾಕಿದ್ದಕ್ಕೆ ತಾನು ಜೈಲಿಗೆ ಹೋಗಬೇಕಾದೀತೇ ಎಂದು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಸದಸ್ಯರ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಅವರನ್ನು ಹೊಣೆ ಮಾಡಲಾಗದು ಎಂದು ಹೇಳಿವೆ. ಭಯದಿಂದ ಕಂಡದ್ದನ್ನೆಲ್ಲ ಅಳಿಸುತ್ತ ಹೋಗುವ ಅಗತ್ಯವಿಲ್ಲ. ಕಾನೂನಿನ ಹೊಣೆ ಇಲ್ಲದಿದ್ದರೂ ಊರಿನವರ ನಂಬಿಕೆಯ ಹೊಣೆ ಇದ್ದೇ ಇದೆ. ಅದನ್ನು ನಿಭಾಯಿಸಲು ಗ್ರೂಪಿನ ವಿವರಣೆಯಲ್ಲಿ ಎರಡು ಸಾಲಿನ ನಿಯಮ ಬರೆದಿಟ್ಟರೆ ಸಾಕು: ಆನೆ ಸುದ್ದಿ ಹಾಕುವವರು ಜಾಗ, ಸಮಯ, ಕಂಡವರನ್ನು ಹೇಳಬೇಕು, ತಪ್ಪಾದರೆ ಅಳಿಸುವ ಮೊದಲು ತಿದ್ದಿ ಹಾಕಬೇಕು.

ಇಂಥ ನಿಯಮ ನಡೆಯಬೇಕಾದರೆ ತಪ್ಪು ಒಪ್ಪಿಕೊಂಡವರನ್ನು ನಾವು ನಡೆಸಿಕೊಳ್ಳುವ ರೀತಿಯೂ ಬದಲಾಗಬೇಕು. ಕತ್ತಲಲ್ಲಿ ಆನೆ ಕಂಡು ಗಾಬರಿಯಿಂದ ಜಾಗದ ಹೆಸರು ತಪ್ಪಿ ಬರೆದ ಹುಡುಗನನ್ನು ಗ್ರೂಪಿನಲ್ಲಿ ಹತ್ತು ಜನ ಹಂಗಿಸಿದರೆ, ಮುಂದಿನ ಸಲ ಅವನು ಸದ್ದಿಲ್ಲದೆ ಅಳಿಸುತ್ತಾನೆ, ಇಲ್ಲವೇ ಬರೆಯುವುದನ್ನೇ ಬಿಡುತ್ತಾನೆ. ಎರಡರಿಂದಲೂ ನಷ್ಟ ಊರಿಗೇ. ತಪ್ಪಾಯಿತು ಎಂದು ತಿದ್ದಿ ಹಾಕಿದವರಿಗೆ ಅದೇ ಗ್ರೂಪಿನಲ್ಲಿ ಒಂದು ಒಳ್ಳೆಯ ಮಾತು ಹೇಳಿ. ಅಂಥವರು ಇದ್ದಷ್ಟು ದಿನವೇ ಆ ಗ್ರೂಪಿನ ಸುದ್ದಿಯನ್ನು ನಂಬಿ ಜನ ತೋಟಕ್ಕೆ ಇಳಿಯಬಹುದು.